ಉದ್ಯಮಬಾಗದ ಕಾಟಾ, ನ್ಹಾವಾ ಶೇವಾದ ಕ್ರೇನ್: ತೂಕ ತಪ್ಪಿದ ಒಂದು ಕಂಟೇನರಿನ ಪ್ರಕರಣ

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಿಂದ ಯುರೋಪಿಗೆ ಹೊರಟಿದ್ದ ಇಪ್ಪತ್ತು ಅಡಿಯ ಕಂಟೇನರನ್ನು ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನಲ್ಲಿ ಹಡಗಿಗೆ ಏರಿಸಲಿಲ್ಲ. ಕಾಗದದಲ್ಲಿ ಬರೆದ ತೂಕಕ್ಕೂ ಕ್ರೇನ್ ಎತ್ತಿದಾಗ ತೋರಿದ ತೂಕಕ್ಕೂ ಎರಡೂವರೆ ಟನ್ನಿನಷ್ಟು ಅಂತರವಿತ್ತು. ಆ ಅಂತರ ಎಲ್ಲಿ ಹುಟ್ಟಿತು, ಅದನ್ನು ಹುಡುಕುವಾಗ ಯಾರು ಯಾವ ತೀರ್ಮಾನಕ್ಕೆ ಬಂದರು ಎಂಬುದನ್ನು ಇಲ್ಲಿ ಬರೆದಿಟ್ಟಿದ್ದೇನೆ. ರಫ್ತು ದಾಖಲೆಗಳ ಸಲಹೆಗಾರನಾಗಿ ಈ ಪ್ರಕರಣವನ್ನು ಹತ್ತಿರದಿಂದ ಕಂಡವನು ನಾನು. ಮಾಲೀಕರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಕಾರ್ಖಾನೆ, ಹಡಗು ಕಂಪನಿ, ಗ್ರಾಹಕ, ಕೆಲಸಗಾರರು ಯಾರೆಂದು ಗೊತ್ತಾಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತೂಕದ ಅಂಕಿಗಳನ್ನು ತುಸು ಆಚೀಚೆ ಮಾಡಿದ್ದರೂ ಅವುಗಳ ನಡುವಿನ ಲೆಕ್ಕ ನಡೆದಂತೆಯೇ ಇದೆ.

ಕಾರ್ಖಾನೆ ಮತ್ತು ಕಾಯ್ದೆ

ಈ ಫೌಂಡ್ರಿ ಎರಡನೆಯ ತಲೆಮಾರಿನ ಕೈಯಲ್ಲಿದೆ. ತಂದೆಯವರು ಪಂಪ್‌ಸೆಟ್ಟುಗಳ ಬಿಡಿಭಾಗಗಳನ್ನು ಎರಕ ಹೊಯ್ಯುತ್ತಿದ್ದರು. ಈಗಿನ ಮಾಲೀಕರು ಹೈಡ್ರಾಲಿಕ್ ವಾಲ್ವುಗಳ ಒಡಲು, ಟ್ರ್ಯಾಕ್ಟರುಗಳ ಮೂತಿಗೆ ಹಾಕುವ ಭಾರದ ತುಂಡುಗಳನ್ನು ಮಾಡಿ ಹೊರದೇಶಕ್ಕೆ ಕಳಿಸುತ್ತಾರೆ. ಬೆಳಗಾವಿಗೆ ಹತ್ತಿರದ ಸಮುದ್ರ ಗೋವೆಯದಾದರೂ, ಕಂಟೇನರ್ ಹಡಗುಗಳ ಸೌಕರ್ಯ ನೋಡಿಕೊಂಡು ಇಲ್ಲಿನ ಹೆಚ್ಚಿನ ಸರಕು ಐನೂರು ಕಿಲೋಮೀಟರಿನ ಹತ್ತಿರ ಇರುವ ನ್ಹಾವಾ ಶೇವಾಕ್ಕೇ ಹೋಗುತ್ತದೆ. ಖಾಲಿ ಕಂಟೇನರ್ ಟ್ರೇಲರಿನ ಮೇಲೆ ಬರುತ್ತದೆ. ಕಾರ್ಖಾನೆಯಲ್ಲೇ ಮರದ ಪೆಟ್ಟಿಗೆಗಳನ್ನು ಫೋರ್ಕ್‌ಲಿಫ್ಟಿನಿಂದ ಒಳಗಿಟ್ಟು, ಅಲುಗಾಡದಂತೆ ಮರದ ತುಂಡುಗಳಿಂದ ಬಿಗಿದು, ಬಾಗಿಲಿಗೆ ಸೀಲ್ ಹಾಕುತ್ತಾರೆ. ನಂತರ ಹತ್ತಿರದ ಕಾಟಾದಲ್ಲಿ, ಅಂದರೆ ವಾಹನವನ್ನೇ ಹತ್ತಿಸಿ ತೂಗುವ ವೇಬ್ರಿಜ್‌ನಲ್ಲಿ, ತೂಕ ಮಾಡಿಸಿ ಟ್ರೇಲರನ್ನು ಪುಣೆಯ ದಾರಿಗೆ ಬಿಡುತ್ತಾರೆ.

ಆ ಕೊನೆಯ ತೂಕವೇ ನಮ್ಮ ವಿಷಯ. ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ, ಅಂದರೆ ಸೋಲಾಸ್, ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಮೊದಲ ಬಾರಿ ರೂಪುಗೊಂಡಿತು. ಈಗ ಜಾರಿಯಲ್ಲಿರುವುದು 1974ರದು. ಅದರ ಆರನೆಯ ಅಧ್ಯಾಯಕ್ಕೆ 2014ರ ನವೆಂಬರಿನಲ್ಲಿ ಒಂದು ತಿದ್ದುಪಡಿ ಬಂತು. 2016ರ ಜುಲೈ 1ರಿಂದ, ಸರಕು ತುಂಬಿದ ಪ್ರತಿಯೊಂದು ಕಂಟೇನರಿನ ಒಟ್ಟು ತೂಕವನ್ನು ಕಳುಹಿಸುವವನೇ ತೂಗಿ, ಅಧಿಕಾರವುಳ್ಳ ಒಬ್ಬ ವ್ಯಕ್ತಿಯ ಸಹಿಯೊಂದಿಗೆ ಹಡಗಿಗೂ ಟರ್ಮಿನಲ್ಲಿಗೂ ತಿಳಿಸಬೇಕು. ತಿಳಿಸದಿದ್ದರೆ ಕಂಟೇನರ್ ಹಡಗು ಹತ್ತುವಂತಿಲ್ಲ. ಹೀಗೆ ತೂಗಿ ಘೋಷಿಸಿದ ಒಟ್ಟು ತೂಕವನ್ನೇ ರಫ್ತುದಾರರು ವಿಜಿಎಂ (ವೆರಿಫೈಡ್ ಗ್ರಾಸ್ ಮಾಸ್) ಎನ್ನುತ್ತಾರೆ.

ಈ ನಿಯಮದ ಹಿಂದೆ ಸಮುದ್ರದ ಕಹಿ ಅನುಭವವಿದೆ. 2007ರ ಜನವರಿಯಲ್ಲಿ ಇಂಗ್ಲಿಷ್ ಕಾಲುವೆಯ ಬಿರುಗಾಳಿಯಲ್ಲಿ ಎಂಎಸ್‌ಸಿ ನಾಪೋಲಿ ಎಂಬ ಹಡಗಿನ ಒಡಲು ಬಿರುಕು ಬಿಟ್ಟಿತು. 26 ಸಿಬ್ಬಂದಿಯನ್ನು ಹೆಲಿಕಾಪ್ಟರುಗಳು ಎತ್ತಿ ಉಳಿಸಿದವು. ಹಡಗನ್ನು ಡೆವನ್ ಕರಾವಳಿಯ ಬ್ರಾನ್ಸ್‌ಕಂಬ್ ಬಳಿ ದಡಕ್ಕೆ ತಂದು ನಿಲ್ಲಿಸಿದರು. ಮೇಲಟ್ಟದಲ್ಲಿ ಒದ್ದೆಯಾಗದೆ ಉಳಿದಿದ್ದ ಸುಮಾರು 660 ಕಂಟೇನರುಗಳನ್ನು ಆಮೇಲೆ ತೂಗಿ ನೋಡಿದರೆ, 137ರಲ್ಲಿ ಘೋಷಿಸಿದ ತೂಕಕ್ಕೂ ನಿಜವಾದ ತೂಕಕ್ಕೂ ಮೂರು ಟನ್ನಿಗಿಂತ ಹೆಚ್ಚು ವ್ಯತ್ಯಾಸ. ಒಂದರಲ್ಲಂತೂ ಇಪ್ಪತ್ತು ಟನ್. ಹಡಗಿನ ಒಡಲು ಒಡೆಯಲು ಅದೊಂದೇ ಕಾರಣವಾಗಿರಲಿಲ್ಲ. ಆದರೂ ಕಂಟೇನರ್ ವ್ಯಾಪಾರ ಎಷ್ಟರ ಮಟ್ಟಿಗೆ ಊಹೆಯ ಮೇಲೆ ನಡೆಯುತ್ತಿದೆ ಎಂಬುದು ಜಗತ್ತಿಗೆ ಆಗ ಲೆಕ್ಕಸಮೇತ ಗೊತ್ತಾಯಿತು.

ಹಡಗಿನಲ್ಲಿ ಭಾರದ ಪೆಟ್ಟಿಗೆಗಳು ಕೆಳಗೆ, ಹಗುರವಾದವು ಮೇಲೆ ಇರಬೇಕು. ಯಾವುದು ಎಲ್ಲಿ ಎಂಬ ಯೋಜನೆ ಹಡಗು ಬಂದರಿಗೆ ಬರುವ ಮೊದಲೇ ಸಿದ್ಧವಾಗುತ್ತದೆ, ಅದಕ್ಕೆ ಆಧಾರ ನಾವು ಕೊಟ್ಟ ಅಂಕಿ. ಅಂಕಿ ಸುಳ್ಳಾದರೆ ಕೆಳಗಿನ ಕಂಟೇನರಿನ ಮೂಲೆಗಂಬಗಳ ಮೇಲೆ ಲೆಕ್ಕಕ್ಕೆ ಸಿಗದ ಭಾರ ಬೀಳುತ್ತದೆ, ಬಿಗಿದ ಸರಳುಗಳು ತಡೆಯುವುದಿಲ್ಲ, ಸಾಲು ಸಾಲೇ ಕುಸಿಯಬಹುದು. ಕಡಲಿಗೆ ಬಿದ್ದ ಕಂಟೇನರ್ ಅಲ್ಲಿಗೇ ಮುಗಿಯುವುದೂ ಇಲ್ಲ. 2025ರ ಮೇ 25ರಂದು ಕೇರಳದ ಕರಾವಳಿಯಾಚೆ ಎಂಎಸ್‌ಸಿ ಎಲ್ಸಾ 3 ಮುಳುಗಿದಾಗ ಪ್ಲಾಸ್ಟಿಕ್ ಹರಳುಗಳು ದಡದುದ್ದಕ್ಕೂ ಬಂದು ಬಿದ್ದದ್ದನ್ನು ನಾವೆಲ್ಲ ನೋಡಿದ್ದೇವೆ. ಅದು ಮುಳುಗಿದ ಕಾರಣದ ಚರ್ಚೆ ಬೇರೆ. ನಾನು ಹೇಳುವುದು ಇಷ್ಟೇ: ಹಡಗಿನ ಸುರಕ್ಷತೆ ತಪ್ಪಿದರೆ ಮರುದಿನ ಅದೇ ಮಾಲಿನ್ಯವಾಗಿ ಮೀನುಗಾರನ ಬಲೆಗೆ ಬರುತ್ತದೆ. ಕಳೆದುಹೋದ ಕಂಟೇನರುಗಳ ಬಗ್ಗೆ ಹಡಗಿನ ಕ್ಯಾಪ್ಟನ್ ತಡಮಾಡದೆ ವರದಿ ಮಾಡುವುದನ್ನು 2026ರ ಜನವರಿ 1ರಿಂದ ಸೋಲಾಸ್ ಕಡ್ಡಾಯ ಮಾಡಿದೆ.

ಇನ್ನು ಇದನ್ನು ಜಾರಿ ಮಾಡುವವರು ಯಾರು? ಲಂಡನ್ನಿನ ಅಂತರರಾಷ್ಟ್ರೀಯ ಕಡಲ ಸಂಸ್ಥೆಗೆ, ಅಂದರೆ ಐಎಂಒಗೆ, ಪೊಲೀಸರಿಲ್ಲ. ನಿಯಮವನ್ನು ಒಪ್ಪಿಕೊಂಡ ಸರ್ಕಾರಗಳೇ ಅದನ್ನು ತಮ್ಮ ಕಾನೂನಿಗೆ ತಂದು ನಡೆಸಬೇಕು. ನಡೆಸುತ್ತಿವೆಯೇ ಎಂದು ನೋಡುವ ಲೆಕ್ಕಪರಿಶೋಧನೆ 2016ರಿಂದ ಎಲ್ಲ ಸದಸ್ಯ ದೇಶಗಳಿಗೆ ಕಡ್ಡಾಯವಾಗಿದೆ. ಹಡಗನ್ನು ನೋಂದಾಯಿಸಿದ ಧ್ವಜರಾಷ್ಟ್ರಕ್ಕೆ ಮೊದಲ ಹೊಣೆ. ಹಡಗು ಬಂದು ನಿಲ್ಲುವ ಬಂದರಿನ ರಾಷ್ಟ್ರಕ್ಕೆ ಅದನ್ನು ತಪಾಸಣೆ ಮಾಡಿ ತಡೆಯುವ ಅಧಿಕಾರ. ಹಿಂದೂ ಮಹಾಸಾಗರದ ದೇಶಗಳು ಇಂಥ ತಪಾಸಣೆಗಾಗಿ 1998ರಲ್ಲಿ ಮಾಡಿಕೊಂಡ ಒಪ್ಪಂದದ ಕಾರ್ಯಾಲಯ ನಮ್ಮ ನೆರೆಯ ಗೋವೆಯಲ್ಲೇ ಇದೆ. ಭಾರತದ ಮಟ್ಟಿಗೆ ಹೊಣೆ ಮುಂಬೈನ ಹಡಗು ಮಹಾನಿರ್ದೇಶನಾಲಯದ್ದು. ಆದರೆ ಸೀಲ್ ಹಾಕಿದ ಕಂಟೇನರಿನ ತೂಕ ನೋಡಲು ಮುಂಬೈಯಿಂದ ಉದ್ಯಮಬಾಗಕ್ಕೆ ಯಾರೂ ಬರುವುದಿಲ್ಲ, ಬರಲು ಸಾಧ್ಯವೂ ಇಲ್ಲ. ಇಲ್ಲಿ ಆ ಕಾಯ್ದೆಯನ್ನು ಕೈಯಿಂದ ಮುಟ್ಟುವ ಸರ್ಕಾರಿ ನೌಕರ ಒಬ್ಬರೇ: ವರ್ಷಕ್ಕೊಮ್ಮೆ ಕಾಟಾವನ್ನು ಪರೀಕ್ಷಿಸಿ ಮುದ್ರೆ ಒತ್ತುವ ಕಾನೂನು ಮಾಪನಶಾಸ್ತ್ರ ಇಲಾಖೆಯ ನಿರೀಕ್ಷಕರು. ಹಳಬರು ಈಗಲೂ ಅದನ್ನು ತೂಕ ಮತ್ತು ಅಳತೆ ಇಲಾಖೆ ಎಂದೇ ಕರೆಯುತ್ತಾರೆ. ಸಮುದ್ರದ ಒಪ್ಪಂದವೊಂದು ಬೆಳಗಾವಿಯಲ್ಲಿ ಇವರ ಮುದ್ರೆಯ ಮೇಲೆ ನಿಂತಿದೆ ಎಂಬುದನ್ನು ನಮ್ಮಲ್ಲಿ ಬಹಳ ಜನ ಯೋಚಿಸಿಯೇ ಇಲ್ಲ.

ತಡೆದ ಕಂಟೇನರ್

ಆ ದಿನ ಕಂಟೇನರ್ ಟರ್ಮಿನಲ್ಲಿನ ಗೇಟು ದಾಟಿ ಒಳಗೆ ಹೋಗಿತ್ತು. ಕಾಗದಪತ್ರಗಳಲ್ಲಿ ಯಾವ ಕೊರತೆಯೂ ಇರಲಿಲ್ಲ. ಅಂಗಳದಲ್ಲಿ ಕ್ರೇನ್ ಎತ್ತಿದಾಗ ಅದರ ಭಾರಮಾಪಕ 23.8 ಟನ್ನಿನ ಆಸುಪಾಸು ತೋರಿಸಿತು. ಫೌಂಡ್ರಿ ಸಲ್ಲಿಸಿದ್ದ ವಿಜಿಎಂ 21,190 ಕಿಲೋ. ಟರ್ಮಿನಲ್ಲಿನವರು ಹಡಗು ಕಂಪನಿಗೆ ತಿಳಿಸಿದರು, ಕಂಪನಿ ಕಂಟೇನರನ್ನು ಪಟ್ಟಿಯಿಂದ ತೆಗೆಯಿತು. ಸರಕು ಏಜೆಂಟರ ಫೋನ್ ಬಂದಾಗ ಹಡಗಿನ ಕಟ್‌ಆಫ್‌ಗೆ, ಅಂದರೆ ಸರಕು ಒಪ್ಪಿಸುವ ಕೊನೆಯ ಗಡುವಿಗೆ, ಇನ್ನೂ ಕೆಲವು ಗಂಟೆ ಉಳಿದಿತ್ತು.

ಏಜೆಂಟರು ದಾರಿಯನ್ನೂ ತಾವೇ ಹೇಳಿದರು. ಪೋರ್ಟಲಿನಲ್ಲಿ ವಿಜಿಎಂ ತಿದ್ದುಪಡಿಗೆ ಅವಕಾಶವಿದೆ, ಕ್ರೇನ್ ತೋರಿಸಿದ ಅಂಕಿಯನ್ನೇ ಹಾಕಿಬಿಡಿ, ಐದು ನಿಮಿಷದ ಕೆಲಸ. ಮಾಲೀಕರು ಒಪ್ಪುವ ಹಂತಕ್ಕೆ ಬಂದಿದ್ದರು. ಯುರೋಪಿನ ಗ್ರಾಹಕರ ಜೋಡಣಾ ಘಟಕ ಆ ಬಿಡಿಭಾಗಗಳಿಗಾಗಿ ಕಾಯುತ್ತಿತ್ತು. ಅವರ ಸ್ಥಾನದಲ್ಲಿ ಯಾರಿದ್ದರೂ ಒಪ್ಪುವಂಥ ಮಾತೇ ಅದು.

ನನ್ನನ್ನು ಕೇಳಿದಾಗ ನಾನು ಬೇಡ ಎಂದೆ. ಕಾರಣ ಎರಡು. ಸೋಲಾಸ್ ಕೇಳುವುದು ಮಾಪನ ಮಾಡಿ ಪ್ರಮಾಣೀಕರಿಸಿದ ಉಪಕರಣದ ತೂಕವನ್ನು. ಕ್ರೇನಿನ ಮಾಪಕ ಎಚ್ಚರಿಕೆ ಕೊಡಲು ಸಾಕು, ಸಹಿ ಹಾಕಿ ಘೋಷಿಸಲು ಸಾಲದು. ಎರಡನೆಯದು ಇನ್ನೂ ದೊಡ್ಡದು. ಎರಡೂವರೆ ಟನ್ ಎಲ್ಲಿಂದ ಬಂತೆಂದು ನಮಗೇ ಗೊತ್ತಿಲ್ಲದಿರುವಾಗ, ಬೇರೆಯವರ ಅಂಕಿಗೆ ನಮ್ಮ ಹೆಸರು ಹಾಕುವುದು ಹೇಗೆ? ಈ ಹಿಂದೆ ಹೋದ ಕಂಟೇನರುಗಳ ಗತಿ ಏನು? ಅವೂ ಹೀಗೆಯೇ ಹೋಗಿದ್ದವೇ?

ಆ ಕೊನೆಯ ಪ್ರಶ್ನೆ ಮಾಲೀಕರನ್ನು ತಟ್ಟಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಡಗು ಹೋದರೆ ಹೋಗಲಿ. ಮೊದಲು ಸರಿಯಾಗಿ ತೂಗಿಸಿರಿ" ಎಂದರು. ಕಂಟೇನರನ್ನು ಬಂದರಿನ ಬಳಿಯ ಸರಕು ನಿಲ್ದಾಣಕ್ಕೆ ಒಯ್ದು, ಅಲ್ಲಿನ ಮುದ್ರೆಯಿರುವ ಕಾಟಾದಲ್ಲಿ ಟ್ರೇಲರ್ ಸಮೇತ ಒಮ್ಮೆ, ಕಂಟೇನರ್ ಇಳಿಸಿದ ಮೇಲೆ ಟ್ರೇಲರ್ ಮಾತ್ರ ಇನ್ನೊಮ್ಮೆ ತೂಗಿದರು. ಕಂಟೇನರಿನ ತೂಕ 23,630 ಕಿಲೋ. ನಮ್ಮ ಘೋಷಣೆಗಿಂತ 2,440 ಕಿಲೋ ಹೆಚ್ಚು. ಹಡಗು ಹೋಯಿತು. ಮುಂದಿನ ಹಡಗಿನವರೆಗೆ ನಿಲ್ದಾಣದ ಬಾಡಿಗೆ, ಹಡಗು ಕಂಪನಿಯ ದಂಡ, ಎತ್ತಿ ಇಳಿಸಿದ ಖರ್ಚು ಎಲ್ಲ ಸೇರಿ ಆ ಕಂಟೇನರಿನ ಲಾಭ ಪೂರ್ತಿ ಕರಗಿತು.

ಮೊದಲು ಹುಡುಕಿದ್ದು ಬೇರೆಡೆ

ತಪ್ಪು ಸಿಕ್ಕಾಗ ಮನುಷ್ಯರು ಮೊದಲು ಮನುಷ್ಯರನ್ನೇ ಅನುಮಾನಿಸುತ್ತಾರೆ. ಇಲ್ಲೂ ಹಾಗೆಯೇ ಆಯಿತು. ದಾರಿಯಲ್ಲಿ ಚಾಲಕ ಏನಾದರೂ ಸೇರಿಸಿದನೇ ಎಂಬ ಮಾತು ಬಂತು. ಸೀಲ್ ಹಾಗೆಯೇ ಇತ್ತು, ಅದರ ಸಂಖ್ಯೆಯೂ ಸರಿಯಿತ್ತು. ಆ ಮಾತು ಅಲ್ಲಿಗೆ ನಿಂತದ್ದು ಒಳ್ಳೆಯದಾಯಿತು, ಏಕೆಂದರೆ ಆ ಚಾಲಕನದ್ದು ಎಳ್ಳಷ್ಟೂ ತಪ್ಪಿರಲಿಲ್ಲ.

ಆಮೇಲೆ ಅನುಮಾನ ಕಾಟಾದ ಮೇಲೆ ತಿರುಗಿತು. ಈ ಭಾಗದಲ್ಲಿ ಕಾಟಾ ಎಂದೊಡನೆ ಅನುಮಾನ ತಾನಾಗಿಯೇ ಬರುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಬ್ಬು ಬೆಳೆಗಾರರು ತೂಕದ ವಿಷಯಕ್ಕೆ ಎಷ್ಟು ಸಲ ಬೀದಿಗಿಳಿದಿಲ್ಲ? ಹೊರಗಿನ ಕಾಟಾದಲ್ಲಿ ಒಮ್ಮೆ ತೂಗಿಸಿಕೊಂಡೇ ಕಾರ್ಖಾನೆಯ ಗೇಟಿಗೆ ಹೋಗುವ ರೈತರು ಇಂದಿಗೂ ಇದ್ದಾರೆ. ಫೌಂಡ್ರಿ ಬಳಸುತ್ತಿದ್ದುದು 60 ಟನ್ ಸಾಮರ್ಥ್ಯದ, ಹತ್ತು ಕಿಲೋ ಅಂತರದಲ್ಲಿ ತೋರಿಸುವ ಕಾಟಾ. ಮುದ್ರೆಯ ಅವಧಿ ಮುಗಿದಿರಲಿಲ್ಲ. ಆದರೂ ಮಾಲೀಕರು ಬೇರೊಂದು ಕಾಟಾಕ್ಕೆ ಹೋಗಿ ಒಂದೇ ಲಾರಿಯನ್ನು ಎರಡೂ ಕಡೆ ತೂಗಿಸಿದರು. ವ್ಯತ್ಯಾಸ ಇಪ್ಪತ್ತು ಕಿಲೋ. ಕಾಟಾ ನಿರ್ದೋಷಿ. ನಡೆಸುತ್ತಿದ್ದ ಹಿರಿಯರನ್ನು ಎಲ್ಲರೂ ಕಾಕಾ ಎನ್ನುತ್ತಾರೆ. ಅವರಿಗೆ ಈ ಪರೀಕ್ಷೆಯಿಂದ ಬೇಸರವಾಗಿತ್ತು. "ನನ್ನ ಕಾಟಾ ಸುಳ್ಳು ಹೇಳುವುದಿಲ್ಲ, ಸಾಹೇಬರೆ" ಎಂದರು. ಅವರು ಹೇಳಿದ್ದು ನಿಜ.

ಮೂರನೆಯ ಪ್ರಯತ್ನ ಕಾಟಾವನ್ನೇ ಬಿಟ್ಟುಬಿಡುವುದು. ಸೋಲಾಸ್ ಎರಡು ವಿಧಾನಗಳಿಗೆ ಅವಕಾಶ ಕೊಡುತ್ತದೆ. ತುಂಬಿದ ಕಂಟೇನರನ್ನು ಇಡಿಯಾಗಿ ತೂಗುವುದು ಮೊದಲನೆಯದು. ಒಳಗೆ ಹೋಗುವ ಪ್ರತಿ ಪೆಟ್ಟಿಗೆ, ಪ್ಯಾಲೆಟ್, ಬಿಗಿಯಲು ಬಳಸುವ ಮರ ಎಲ್ಲವನ್ನೂ ತೂಗಿ, ಕೂಡಿಸಿ, ಅದಕ್ಕೆ ಬಾಗಿಲ ಮೇಲೆ ಬರೆದಿರುವ ಖಾಲಿ ಕಂಟೇನರಿನ ತೂಕ ಸೇರಿಸುವುದು ಎರಡನೆಯದು. ಮಾಲೀಕರ ಮಗ ಎರಡನೆಯದನ್ನು ಹಿಡಿದ. ಆದರೆ ಅವನ ಲೆಕ್ಕದ ಹಾಳೆಯಲ್ಲಿದ್ದದ್ದು ನಕ್ಷೆಯಲ್ಲಿ ಬರೆದ ತೂಕ. ನಕ್ಷೆಯಲ್ಲಿ 18 ಕಿಲೋ ಎಂದಿರುವ ಎರಕ ಅಚ್ಚಿನಿಂದ ಹೊರಬಂದಾಗ 18 ಕಿಲೋ ಮುನ್ನೂರು ಗ್ರಾಂ ತೂಗಬಹುದು. ಮರಳಿನ ಅಚ್ಚು ಕರಗಿದ ಕಬ್ಬಿಣದ ಒತ್ತಡಕ್ಕೆ ಸ್ವಲ್ಪ ಹಿಗ್ಗುತ್ತದೆ, ಆಗ ಎರಕದ ತೂಕ ಏರುತ್ತದೆ. ಫೌಂಡ್ರಿಯವರಿಗೆ ಇದು ಅಂಗೈ ಮೇಲಿನ ಗೆರೆಯಷ್ಟು ಪರಿಚಿತ ವಿಷಯ. ಆದರೂ ಲೆಕ್ಕದ ಹಾಳೆಗೆ ಅದು ಹೋಗಿರಲಿಲ್ಲ. ಮಳೆಗಾಲದಲ್ಲಿ ನೀರು ಕುಡಿದ ಮರದ ಪೆಟ್ಟಿಗೆಗಳ ತೂಕವೂ ಹೋಗಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಎರಡನೆಯ ವಿಧಾನವನ್ನು ಮನಸ್ಸಿಗೆ ಬಂದಂತೆ ಬಳಸುವ ಹಾಗಿಲ್ಲ. ಸರಕು ತುಂಬಿದ ದೇಶದ ಸಕ್ಷಮ ಪ್ರಾಧಿಕಾರ ಒಪ್ಪಿದ, ಪ್ರಮಾಣೀಕೃತ ಕ್ರಮವಾಗಿರಬೇಕು. ಆ ದಾರಿಯನ್ನು ಅಲ್ಲಿಗೆ ಬಿಟ್ಟೆವು.

ಹತ್ತಿರ ಹತ್ತಿರದ ಎರಡು ಅಂಕಿಗಳು

ಗಂಟು ಬಿಚ್ಚಿದ್ದು ರವಾನೆ ವಿಭಾಗದ ತರುಣಿ. ಡಿಪ್ಲೊಮಾ ಮುಗಿಸಿ ಸೇರಿದವಳು. ವಿಜಿಎಂ ಘೋಷಣೆಗೆ ಸಹಿ ಹಾಕುತ್ತಿದ್ದವಳೂ ಅವಳೇ. ಆ ಕೆಲಸ ಅವಳಿಗೆ ಬಂದದ್ದು ಹೇಗೆಂದರೆ, ಟ್ರೇಲರ್ ಹೊರಡುವ ರಾತ್ರಿ ಹೊತ್ತಿನಲ್ಲಿ ಕಚೇರಿಯಲ್ಲಿ ಉಳಿಯುತ್ತಿದ್ದವಳು ಅವಳೊಬ್ಬಳೇ.

ಅವಳು ಮೂರು ಕಾಗದಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಳು. ಪ್ಯಾಕಿಂಗ್ ಪಟ್ಟಿಯಲ್ಲಿ ಸರಕಿನ ತೂಕ 20,900. ವಿಜಿಎಂನಲ್ಲಿ 21,190. ಈ ಎರಡು ಅಂಕಿಗಳು ಒಂದಕ್ಕೊಂದು ಎಷ್ಟು ಹತ್ತಿರ ಇವೆಯೆಂದರೆ, ನೋಡಿದವರೆಲ್ಲ ತಲೆಯಾಡಿಸಿ ಮುಂದೆ ಕಳಿಸಿದ್ದರು. ಏಜೆಂಟರು, ಕಸ್ಟಮ್ಸ್ ಬ್ರೋಕರ್, ಮಾಲೀಕರ ಮಗ, ಯಾರಿಗೂ ಏನೂ ಅನಿಸಿರಲಿಲ್ಲ. ಮೂರನೆಯದು ಕಂಟೇನರಿನ ಬಾಗಿಲಿನ ಫೋಟೊ. ಅಲ್ಲಿ ಖಾಲಿ ಕಂಟೇನರಿನ ತೂಕ 2,230 ಕಿಲೋ ಎಂದು ಬಿಳಿ ಅಕ್ಷರಗಳಲ್ಲಿ ಬರೆದಿತ್ತು. ಅದರ ಕೆಳಗೆ ರಿವೆಟ್ ಹೊಡೆದ ಸುರಕ್ಷತಾ ಫಲಕದಲ್ಲಿ ಗರಿಷ್ಠ ಒಟ್ಟು ತೂಕ 30,480. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಸರ್, ಸರಕೇ ಇಪ್ಪತ್ತು ಸಾವಿರದ ಒಂಬೈನೂರು ಇದ್ದರೆ, ಡಬ್ಬಿಯೂ ಸೇರಿದ ಮೇಲೆ ಇಪ್ಪತ್ತೊಂದು ಸಾವಿರದ ನೂರಾ ತೊಂಬತ್ತು ಹೇಗಾಗುತ್ತದೆ?"

ಆಗುವುದಿಲ್ಲ. ಕಡಿಮೆಯೆಂದರೂ 23,130 ಆಗಬೇಕು. ಸುಳ್ಳು ಅಂಕಿ ನಿಜದ ಅಂಕಿಯಂತೆಯೇ ಕಾಣುತ್ತಿದ್ದುದರಿಂದ ಎಲ್ಲರ ಕಣ್ಣು ತಪ್ಪಿಸಿತ್ತು. ನಿಜವಾದ ವಿಜಿಎಂ ಬಂದಿದ್ದರೆ, ಪ್ಯಾಕಿಂಗ್ ಪಟ್ಟಿಗಿಂತ ಇಷ್ಟು ಹೆಚ್ಚೇಕೆ ಎಂದು ಬಹುಶಃ ಯಾರಾದರೂ ಕೇಳುತ್ತಿದ್ದರೇನೋ.

ಈಗ ಕಾಟಾದ ಚೀಟಿಯನ್ನು ತೆರೆದು ನೋಡಿದೆವು. ಒಟ್ಟು 35,230. ಖಾಲಿ 14,040. ನಿವ್ವಳ 21,190. ಒಟ್ಟು ತೂಕದ ಎದುರು ಆ ರಾತ್ರಿಯ ತಾರೀಖು ಮತ್ತು ಸಮಯ. ಖಾಲಿ ತೂಕದ ಎದುರು ಹಿಂದಿನ ವರ್ಷದ ಒಂದು ತಾರೀಖು.

ಕಾಕಾ ಬಿಚ್ಚಿ ಹೇಳಿದರು. ಕಂಪ್ಯೂಟರಿನಲ್ಲಿ ವಾಹನ ಸಂಖ್ಯೆ ಒತ್ತಿದರೆ ಹಿಂದೆಂದೋ ತೂಗಿದ ಖಾಲಿ ತೂಕ ತಾನಾಗಿ ಬರುತ್ತದೆ, ಎಲ್ಲರೂ ಹಾಗೆಯೇ ಮಾಡುತ್ತಾರೆ. ವಾಹನ ಸಂಖ್ಯೆ ಮುಂದಿನ ಟ್ರ್ಯಾಕ್ಟರ್ ಘಟಕದ್ದು. ಆ ಘಟಕ ಹಿಂದಿನ ವರ್ಷ ನಲವತ್ತು ಅಡಿಯ ಉದ್ದನೆಯ ಟ್ರೇಲರ್ ಎಳೆಯುತ್ತಿತ್ತು, ಆಗ ಒಟ್ಟು ಖಾಲಿ ತೂಕ 14,040. ಈ ಸಲ ಅದಕ್ಕೆ ಕಟ್ಟಿದ್ದು ಇಪ್ಪತ್ತು ಅಡಿಯ, ಬರೀ ಚೌಕಟ್ಟಿನ ಹಗುರ ಟ್ರೇಲರ್. ನಿಜವಾದ ಖಾಲಿ ತೂಕ 11,600. ವ್ಯತ್ಯಾಸ 2,440. ಬಂದರಿನಲ್ಲಿ ಹೆಚ್ಚಾಗಿ ಕಂಡ ತೂಕ ಕಿಲೋ ಕಿಲೋ ಲೆಕ್ಕಕ್ಕೆ ಸಿಕ್ಕಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಹೆದ್ದಾರಿಯ ಯಾವ ತಪಾಸಣೆಯಲ್ಲೂ ಈ ತಪ್ಪು ಸಿಗುವಂತಿರಲಿಲ್ಲ. ರಸ್ತೆಯ ಕಾನೂನು ನೋಡುವುದು ವಾಹನದ ಒಟ್ಟು ಭಾರ, ಗಾಲಿಗಳ ಆಕ್ಸಲಿನ ಮೇಲಿನ ಭಾರ. 35,230 ಎಂಬುದು ನಿಜವಾದ ಅಂಕಿಯೇ, ಮಿತಿಯೊಳಗಿನದೇ. ಸಮುದ್ರಕ್ಕೆ ಬೇಕಾದದ್ದು ಪೆಟ್ಟಿಗೆಯೊಂದರದೇ ತೂಕ. ಇದೇ ಕಾರಣಕ್ಕೆ ಐಎಂಒದ ಮಾರ್ಗಸೂಚಿ ಇನ್ನೊಂದು ಅಭ್ಯಾಸವನ್ನೂ ಹೆಸರಿಟ್ಟು ತಡೆಯುತ್ತದೆ: ಒಂದೇ ವಾಹನದ ಮೇಲೆ ಎರಡು ಕಂಟೇನರುಗಳಿದ್ದರೆ ಒಟ್ಟು ತೂಗಿ ಅರ್ಧ ಮಾಡಿ ಬರೆಯುವಂತಿಲ್ಲ, ಒಂದೊಂದನ್ನೂ ಬೇರೆಯಾಗಿ ತೂಗಬೇಕು. ನಮ್ಮ ಊರಿನಲ್ಲಿ ಹೀಗೆ ಅರ್ಧ ಮಾಡಿ ಬರೆದ ಚೀಟಿಗಳನ್ನು ನಾನು ನೋಡಿದ್ದೇನೆ. ಬರೆದವರಿಗೆ ಅದು ಮೋಸ ಎನಿಸಿಯೇ ಇರುವುದಿಲ್ಲ.

ಹೊಸ ಕ್ರಮ

ಪ್ರತಿಸಲ ಖಾಲಿ ಟ್ರೇಲರನ್ನು ತೂಗಿದರಾಯಿತು ಎಂದು ಹೇಳುವುದು ಸುಲಭ. ಆದರೆ ಟ್ರೇಲರ್ ಇಲ್ಲಿಗೆ ಬರುವುದೇ ಕಂಟೇನರನ್ನು ಹೊತ್ತುಕೊಂಡು, ಹೋಗುವುದೂ ಹೊತ್ತುಕೊಂಡೇ. ಅದು ಬರಿದಾಗಿ ನಿಲ್ಲುವ ಕ್ಷಣವೇ ಬೆಳಗಾವಿಯಲ್ಲಿ ಇಲ್ಲ. ಹಳೆಯ ಅಂಕಿಯನ್ನು ಉಳಿಸಿಕೊಂಡು ಬಳಸುವ ಚಾಳಿ ಹುಟ್ಟಿದ್ದೂ ಇದರಿಂದಲೇ.

ಪರಿಹಾರ ಸರಳವಾಗಿಯೇ ಇತ್ತು. ಖಾಲಿ ಕಂಟೇನರ್ ಹೊತ್ತ ಟ್ರೇಲರನ್ನು ಕಾರ್ಖಾನೆಗೆ ಬರುವ ಮುನ್ನ ಒಮ್ಮೆ, ತುಂಬಿದ ಮೇಲೆ ಇನ್ನೊಮ್ಮೆ ತೂಗುವುದು. ಎರಡರ ನಡುವಿನ ವ್ಯತ್ಯಾಸವೇ ಒಳಗೆ ಹೋದ ಸರಕು, ಪೆಟ್ಟಿಗೆ, ಮರ ಎಲ್ಲದರ ನಿಜವಾದ ತೂಕ. ಅದಕ್ಕೆ ಬಾಗಿಲ ಮೇಲಿನ ಖಾಲಿ ಕಂಟೇನರಿನ ತೂಕ ಸೇರಿಸಿದರೆ ವಿಜಿಎಂ. ಎರಡು ತೂಕಗಳ ನಡುವೆ ಡೀಸೆಲ್ ಹಾಕಿಸಬಾರದು, ಚಾಲಕ, ಕ್ಲೀನರ್ ಇಬ್ಬರೂ ಎರಡು ಸಲವೂ ಕೆಳಗಿಳಿದಿರಬೇಕು. ಚೀಟಿಯ ಮೇಲೆ ಎರಡೂ ತೂಕಗಳ ಎದುರು ತಾರೀಖು, ಸಮಯ ಇರಬೇಕು. ಬಾಗಿಲಿನ ಫೋಟೊ ಕಡತದಲ್ಲಿರಬೇಕು. ಪ್ಯಾಕಿಂಗ್ ಪಟ್ಟಿಗೂ ನಕ್ಷೆಯ ತೂಕ ಬಿಟ್ಟು, ಮುದ್ರೆಯಿರುವ ಪ್ಲಾಟ್‌ಫಾರಂ ತಕ್ಕಡಿಯಲ್ಲಿ ಪ್ರತಿ ಪೆಟ್ಟಿಗೆಯನ್ನು ತೂಗಿ ಬರೆಯಲು ಶುರು ಮಾಡಿದರು. ಆ ಮೊದಲ ಕಂಟೇನರಿನಲ್ಲಿ ಉಳಿದಿದ್ದ ಐನೂರು ಕಿಲೋ ಒಗಟೂ ಇದರಿಂದ ಬಿಡಿಸಿತು. ಅರ್ಧಕ್ಕಿಂತ ಹೆಚ್ಚು ಎರಕದ ಹೆಚ್ಚುವರಿ ತೂಕ, ಮಿಕ್ಕದ್ದು ಹಸಿ ಮರ ಮತ್ತು ಬಿಗಿಯುವ ತುಂಡುಗಳು.

ಖಾಲಿ ತೂಕದ ಹಳೆಯ ಪಟ್ಟಿಯನ್ನು ಕಂಟೇನರ್ ವಾಹನಗಳಿಗೆ ಬಳಸುವುದಿಲ್ಲ ಎಂದು ಕಾಕಾ ತಾವಾಗಿಯೇ ಒಪ್ಪಿದರು. ತಮ್ಮ ಕಾಟಾ ಸುಳ್ಳು ಹೇಳುವುದಿಲ್ಲ ಎಂಬ ಮಾತು ಪೂರ್ತಿ ನಿಜವಾಗಬೇಕು ಎಂಬ ಹಟ ಅವರಿಗೆ.

ಇದೆಲ್ಲ ಆದ ಮೇಲೆ ಮಾಲೀಕರು ಕೇಳಿದ ಪ್ರಶ್ನೆಯನ್ನು ನಾನು ಬಹಳ ಮೆಚ್ಚಿಕೊಂಡೆ. "ಸಹಿ ಹಾಕುವ ಹುಡುಗಿಗೆ ವಾಹನ ನಿಲ್ಲಿಸುವ ಹಕ್ಕಿದೆಯೇ?" ಇರಲಿಲ್ಲ. ಸೋಲಾಸ್ ಹೇಳುವ ಅಧಿಕಾರವುಳ್ಳ ವ್ಯಕ್ತಿ ನಮ್ಮಲ್ಲಿ ಹೆಸರಿಗೆ ಮಾತ್ರ ಅಧಿಕಾರವುಳ್ಳವಳು. ಅಂಕಿ ಸರಿಯಿಲ್ಲ ಎಂದು ಅವಳಿಗೆ ಗೊತ್ತಾದರೂ ಗೇಟಿನ ಕಾವಲುಗಾರ ಅವಳ ಮಾತು ಕೇಳುತ್ತಿರಲಿಲ್ಲ. ಮಾಲೀಕರು ಒಂದು ಪತ್ರ ಬರೆದರು: ವಿಜಿಎಂಗೆ ಸಹಿಯಾಗದೆ ಯಾವ ಕಂಟೇನರೂ ಹಡಗು ಹತ್ತಲು ಹೊರಡಬಾರದು, ಸಹಿ ನಿರಾಕರಿಸಿದರೆ ಯಾರೂ ಕಾರಣ ಕೇಳಿ ಒತ್ತಾಯಿಸಬಾರದು, ತಾವೂ ಸೇರಿದಂತೆ. ಕೊನೆಯ ಎರಡು ಶಬ್ದಗಳನ್ನು ಅವರೇ ಪೆನ್ನಿನಿಂದ ಸೇರಿಸಿದರು.

ಆಗಸ್ಟಿನ ರಾತ್ರಿ

ಆ ಎರಡು ಶಬ್ದಗಳಿಗೆ ಬೆಲೆ ತೆರಬೇಕಾದ ದಿನ ಬೇಗನೆ ಬಂತು. ಆಗಸ್ಟಿನಲ್ಲಿ, ಸತತ ಮಳೆಯ ನಡುವೆ, ಖಾಲಿ ತೂಕ ಮಾಡಿಸಿ ಒಳಗೆ ಬಂದ ವಾಹನದ ಟ್ರ್ಯಾಕ್ಟರ್ ಘಟಕ ಅಂಗಳದಲ್ಲೇ ಕೆಟ್ಟು ನಿಂತಿತು. ಸಾರಿಗೆಯವರು ಬೇರೊಂದು ಘಟಕ ತಂದು ಟ್ರೇಲರಿಗೆ ಕಟ್ಟಿದರು. ಸಂಜೆಯ ಹೊತ್ತಿಗೆ ಕಂಟೇನರ್ ತುಂಬಿ, ಸೀಲ್ ಬಿದ್ದು, ಕಾಟಾಕ್ಕೂ ಹೋಗಿ ಬಂತು. ಆದರೆ ಬೆಳಗಿನ ಖಾಲಿ ತೂಕ ಬೇರೆ ಎಂಜಿನ್ನಿನದು, ಸಂಜೆಯ ತೂಕ ಬೇರೆ ಎಂಜಿನ್ನಿನದು.

ತರುಣಿ ಸಹಿ ಹಾಕಲಿಲ್ಲ. ಮಾಲೀಕರ ಮಗ ಪೆಟ್ಟಿಗೆಗಳ ತೂಕದ ಪಟ್ಟಿ ತೋರಿಸಿದ. ಕೂಡಿಸಿದರೆ ಅಂಕಿ ಸಿಗುತ್ತದೆ, ಅದು ಸರಿಯಾಗಿಯೇ ಇರುತ್ತದೆ ಎಂದ. ಅದು ಸರಿಯಾಗಿಯೇ ಇತ್ತು ಎಂದು ಆಮೇಲೆ ಗೊತ್ತಾಯಿತು. ಆದರೆ ಆ ಕ್ರಮಕ್ಕೆ ಫೌಂಡ್ರಿಗೆ ಅನುಮೋದನೆ ಇರಲಿಲ್ಲ, ಘೋಷಣೆಯಲ್ಲಿ ಮೊದಲನೆಯ ವಿಧಾನ ಎಂದು ಬರೆದು ಎರಡನೆಯದರ ಅಂಕಿ ಹಾಕಿದರೆ ಸಹಿಯೇ ಸುಳ್ಳಾಗುತ್ತದೆ. ಅವಳು ಹೇಳಿದ್ದೂ ಇಷ್ಟೇ. ಕೆಟ್ಟ ಘಟಕವನ್ನು ಕಾಟಾದವರೆಗೆ ಎಳೆಸಿ ತೂಗಿಸಿದರೆ ಲೆಕ್ಕ ಹೊಂದಿಸಬಹುದಿತ್ತು, ಆ ಮಳೆಯಲ್ಲಿ ಎಳೆಯುವ ವಾಹನ ಸಿಗಲಿಲ್ಲ.

ರಾತ್ರಿ ಮಾಲೀಕರಿಗೆ ಫೋನ್ ಹೋಯಿತು. ಅವರಿಗೆ ಸಿಟ್ಟು ಬಂದಿತ್ತು, ಅದನ್ನು ಅವರು ಬಚ್ಚಿಡಲೂ ಇಲ್ಲ. ಆದರೂ ಸಹಿ ಹಾಕು ಎನ್ನಲಿಲ್ಲ. ಕಂಟೇನರನ್ನು ವಿಜಿಎಂ ಇಲ್ಲದೆಯೇ ಬಂದರಿನ ಬಳಿಯ ಸರಕು ನಿಲ್ದಾಣಕ್ಕೆ ಕಳಿಸಿ, ಅಲ್ಲಿ ಇಳಿಸಿ ತೂಗಿಸುವುದು ಎಂದು ತೀರ್ಮಾನವಾಯಿತು. ಆ ಹಡಗು ತಪ್ಪಿತು. ಗ್ರಾಹಕರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದು ತಿಳಿಸಿದರು. ಒಂದು ವಾರದ ವಿಳಂಬವನ್ನು ಅವರು ಒಪ್ಪಿಕೊಂಡರು, ಆರ್ಡರ್ ಮುಂದುವರಿದಿದೆ.

ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ನಿಜವಾದ ತಿರುವು ಆ ರಾತ್ರಿಯದೇ. ಕಾಟಾದ ಲೆಕ್ಕ ಕಂಡುಹಿಡಿದದ್ದು ಬುದ್ಧಿವಂತಿಕೆಯ ಕೆಲಸ. ಕಂಡುಹಿಡಿದ ಕ್ರಮಕ್ಕೆ ನಷ್ಟದ ಹೊತ್ತಿನಲ್ಲೂ ಅಂಟಿಕೊಂಡದ್ದು ಬೇರೆಯದೇ ಗಟ್ಟಿತನ.

ಸರ್ಕಾರ ಎಲ್ಲಿ ನಿಂತಿದೆ

ಈ ನಿಯಮವನ್ನು ಜಾರಿಗೊಳಿಸುವ ಬಗೆಯನ್ನು ನಾನು ದೂರುವುದಿಲ್ಲ. ಪ್ರತಿ ಕಾರ್ಖಾನೆಯ ಬಾಗಿಲಲ್ಲಿ ಅಧಿಕಾರಿ ನಿಲ್ಲಲಾರ. ವಿಜಿಎಂ ಇಲ್ಲದಿದ್ದರೆ ಹಡಗಿಲ್ಲ ಎಂಬ ಒಂದು ಷರತ್ತಿನಿಂದ ಸರ್ಕಾರಗಳು ಹಡಗು ಕಂಪನಿಯನ್ನೂ ಟರ್ಮಿನಲ್ಲನ್ನೂ ಕಾವಲಿಗೆ ನಿಲ್ಲಿಸಿವೆ. ಆದರೆ ಆ ಕಾವಲು ನೋಡುವುದು ಅಂಕಿ ಇದೆಯೇ ಎಂದು. ಅಂಕಿ ಹುಟ್ಟಿದ್ದು ಹೇಗೆ ಎಂದು ಕೇಳುವುದು ಜಗಳ ಬಂದಾಗ ಮಾತ್ರ. ನಮ್ಮ ಪ್ರಕರಣದಲ್ಲಿ ಚೀಟಿಯ ಮೇಲೆಯೇ ಹಿಂದಿನ ವರ್ಷದ ತಾರೀಖಿತ್ತು. ಕ್ರೇನ್ ತಡೆಯುವವರೆಗೆ ಆ ಚೀಟಿಯನ್ನು ಫೌಂಡ್ರಿಯ ಹೊರಗೆ ಯಾರೂ ಕೇಳಿರಲಿಲ್ಲ.

ಎಷ್ಟು ವ್ಯತ್ಯಾಸವನ್ನು ಸಹಿಸಬಹುದು ಎಂದೂ ಸೋಲಾಸ್ ಹೇಳುವುದಿಲ್ಲ. ಅದನ್ನು ಆಯಾ ದೇಶಗಳಿಗೆ ಬಿಟ್ಟಿದೆ, ದೇಶದಿಂದ ದೇಶಕ್ಕೆ ಅದು ಬೇರೆ. ಇದನ್ನು ತಿಳಿದ ಕೆಲವರು ಆ ಮಿತಿಯೊಳಗೆ ಅಂಕಿಯನ್ನು ತೂರಿಸುವ ಲೆಕ್ಕ ಹಾಕುತ್ತಾರೆ. ಅದು ತಪಾಸಣೆ ಮಾಡುವವನ ಅನುಕೂಲಕ್ಕೆ ಇರುವ ಮಿತಿ. ತೂಗುವವನು ಹತ್ತು ಕಿಲೋ ತೋರಿಸುವ ಕಾಟಾದಲ್ಲಿ ಹತ್ತು ಕಿಲೋವರೆಗೂ ನಿಜ ಬರೆಯಬೇಕು.

ಇನ್ನೊಂದು ಕೊರತೆ ನಮ್ಮ ಹತ್ತಿರದ್ದೇ. ಮಾಪನಶಾಸ್ತ್ರ ಇಲಾಖೆಯ ನಿರೀಕ್ಷಕರು ಪರೀಕ್ಷಿಸುವುದು ಕಾಟಾದ ಯಂತ್ರವನ್ನು. ತೂಕದ ಕಲ್ಲುಗಳನ್ನಿಟ್ಟು ಒಟ್ಟು ತೂಕ ಸರಿಯೇ ಎಂದು ನೋಡುತ್ತಾರೆ. ನಿವ್ವಳ ತೂಕ ಬರುವುದು ಕಂಪ್ಯೂಟರಿನಲ್ಲಿ ಉಳಿದ ಇನ್ನೊಂದು ಅಂಕಿಯನ್ನು ಕಳೆದು. ಆ ಅಂಕಿ ಎಷ್ಟು ಹಳೆಯದು ಎಂಬುದು ಮುದ್ರೆಯ ಪರೀಕ್ಷೆಯೊಳಗೆ ಬರುವುದಿಲ್ಲ. ಹಾಗಾಗಿ ಪೂರ್ತಿ ಸರಿಯಾದ ಕಾಟಾದಿಂದಲೇ ಪೂರ್ತಿ ತಪ್ಪಾದ ಚೀಟಿ ಹೊರಬರಬಹುದು. ಇದು ಕಂಟೇನರಿಗೆ ಎಷ್ಟು ಅನ್ವಯಿಸುತ್ತದೋ ಕಬ್ಬಿನ ಟ್ರಾಲಿಗೂ ಅಷ್ಟೇ ಅನ್ವಯಿಸುತ್ತದೆ ಎಂಬುದನ್ನು ಹೇಳದೆ ಇರಲಾರೆ.

ಈ ವಿವರಗಳನ್ನು ಉದ್ಯಮಬಾಗದ ಬೇರೆ ರಫ್ತುದಾರರ ಮುಂದೆ ಇಟ್ಟಿದ್ದೇವೆ. ಚೀಟಿಯಲ್ಲಿ ಖಾಲಿ ತೂಕದ ತಾರೀಖನ್ನು ನೋಡಿ, ಪ್ಯಾಕಿಂಗ್ ಪಟ್ಟಿಗೆ ಬಾಗಿಲ ಮೇಲಿನ ತೂಕ ಕೂಡಿಸಿ ವಿಜಿಎಂ ಜೊತೆ ಹೋಲಿಸಿ ಎಂದು ಕೇಳಿಕೊಂಡಿದ್ದೇವೆ. ಹಳೆಯ ಕಡತ ತೆರೆದು ನೋಡಿದ ಕೆಲವರಿಗೆ ತಮ್ಮಲ್ಲೂ ಇದೇ ಬಗೆಯ ಚೀಟಿಗಳು ಸಿಕ್ಕಿವೆ. ಕಂಟೇನರ್ ವಾಹನಗಳಿಗೆ ಉಳಿಸಿಟ್ಟ ಖಾಲಿ ತೂಕವನ್ನು ಬಳಸದಂತೆ ಕಾಟಾಗಳಿಗೆ ಸೂಚನೆ ಕೊಡಬೇಕು ಎಂಬ ಮನವಿಯನ್ನು ಮಾಪನಶಾಸ್ತ್ರ ಇಲಾಖೆಗೆ ಸಲ್ಲಿಸಲು ಕರಡು ಸಿದ್ಧವಾಗಿದೆ. ಅದಕ್ಕೆ ಮೊದಲ ಸಹಿ ಕಾಕಾ ಅವರದು.